ಬೆಕ್ಕಿನ ಕುಲಗೋತ್ರ

ಮನೆಗೆ ಬಂದ ಅತಿಥಿಯ ಊರು ಮನೆತನಗಳನ್ನು ವಿಚಾರಿಸುವ ವಾಡಿಕೆ ಎಷ್ಟು ಹಳೆಯದೋ, ಜಗಲಿಗೆ ಬಂದು ಕುಳಿತ ಬೆಕ್ಕಿನ ಕುಲವನ್ನು ಊಹಿಸುವ ಚಾಪಲ್ಯ ಅಷ್ಟು ಹೊಸದು. ಅಜ್ಜಿಯಂದಿರ ಲೆಕ್ಕದಲ್ಲಿ ಬೆಕ್ಕುಗಳಲ್ಲಿ ಎರಡೇ ಬಗೆ: ಇಲಿ ಹಿಡಿಯುವುದು, ಹಾಲು ಕದಿಯುವುದು. ಈಗಲಾದರೋ ಕೂದಲು ತುಸು ಉದ್ದವಾಗಿದ್ದರೆ ಪರ್ಷಿಯದ್ದು, ಮೂತಿ ಕಪ್ಪಾಗಿದ್ದರೆ ಸಯಾಮಿನದು, ಮೈ ಬೂದಿಬಣ್ಣವಾಗಿದ್ದರೆ ರಷ್ಯದ್ದು ಎಂದು ತೀರ್ಪು ಹೊರಡುತ್ತದೆ. ಹೇಳುವವರ ಧೈರ್ಯವನ್ನು ಮೆಚ್ಚಬೇಕು.

ಮೈಸೂರಿನ ಒಂದು ಮನೆಯಲ್ಲಿ ಈ ವಿಚಾರ ವಿನೋದದ ಮಟ್ಟಿಗೆ ನಿಲ್ಲಲಿಲ್ಲ. ಅಲ್ಲಿನ ಅಟ್ಟದ ಮೇಲೆ ಬೀದಿಯ ಕೊತ್ತಿಯೊಂದು ನಾಲ್ಕು ಮರಿ ಹಾಕಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ಮರಿಗೆ ರೇಷ್ಮೆಯಂತಹ ನೀಳಗೂದಲು ಬಂದಿತು. ಅದನ್ನು ಬೇಡಿ ಮೂರು ಮನೆಯವರು ಬಂದರು. ಅದೇ ತಾಯ ಮೊಲೆಯುಂಡ ಮಿಕ್ಕ ಮೂರನ್ನು ಕೇಳಿದವರಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಹಿಂದೆ ಬಿಟ್ಟುಬರುವ ಮಾತೆದ್ದಿತು.

“ಜಾತಿಬೆಕ್ಕಾದರೆ ಸಾಕಬಹುದು, ಮೇಷ್ಟ್ರೆ. ಬೀದಿಯದನ್ನು ಕಟ್ಟಿಕೊಂಡು ಮಾಡುವುದೇನು?” ಎಂದರು ನೆರೆಮನೆಯವರು.

“ಎಲ್ಲವೂ ಒಂದೇ ಬಸುರಿನಲ್ಲಿ ಹುಟ್ಟಿದುವಲ್ಲವೇ, ಸ್ವಾಮಿ?” ಎಂದರು ಮನೆಯ ಯಜಮಾನರಾದ ನಿವೃತ್ತ ಉಪಾಧ್ಯಾಯರು.

ಮಾತು ನ್ಯಾಯವಾದುದೇ, ಆದರೆ ಅಷ್ಟರಿಂದಲೇ ವಾದ ಗೆಲ್ಲುವುದಿಲ್ಲ. ಒಂದೇ ಸೂಲಿನ ಬೆಕ್ಕಿನ ಮರಿಗಳಿಗೆ ಬೇರೆಬೇರೆ ತಂದೆಗಳಿರುವುದುಂಟು. ಹಾಗಾದರೆ ನೀಳಗೂದಲಿನ ಮರಿಯ ತಂದೆ ಪರ್ಷಿಯದ ಗಂಡೇ? ಹಾಗೆಂದೂ ಹೇಳಬಾರದು. ಬೆಕ್ಕಿನಲ್ಲಿ ನೀಳಗೂದಲು ಸಾಮಾನ್ಯವಾಗಿ ಮರೆಯಲ್ಲಿರುವ ಗುಣ. ತಂದೆ ತಾಯಿ ಇಬ್ಬರಿಂದಲೂ ಬಂದಲ್ಲದೆ ಹೊರಗೆ ತೋರದು. ಎಂದ ಮೇಲೆ ಯಾರೂ ತಿರುಗಿ ನೋಡದ ಆ ಗಿಡ್ಡಗೂದಲಿನ ಕೊತ್ತಿಯೇ ಅದರ ಅರ್ಧವನ್ನು ಹೊತ್ತು ತಂದಿದ್ದಳು. ಒಡಹುಟ್ಟಿದ ನುಣುಪು ಮೈಯ ಮರಿಗಳಲ್ಲಿಯೂ ಅದು ಅಡಗಿರಬಹುದು.

ಬಣ್ಣದ ಸಾಕ್ಷ್ಯವೂ ಇಷ್ಟೇ ದುರ್ಬಲವಾದುದು. ಸಯಾಮಿನ ಬೆಕ್ಕಿನ ಕಿವಿ, ಮೂತಿ, ಪಾದ, ಬಾಲಗಳು ಕಪ್ಪಾಗುವುದು ಆ ಭಾಗಗಳು ತಣ್ಣಗಿರುವುದರಿಂದ. ಬಣ್ಣವನ್ನು ಉಂಟುಮಾಡುವ ಕಿಣ್ವ ಅದರಲ್ಲಿ ಬೆಚ್ಚಗಿರುವೆಡೆ ಕೆಲಸ ಮಾಡದು. ಆದಕಾರಣ ಗರ್ಭದ ಬಿಸಿಯಿಂದ ಹೊರಬಂದ ಮರಿ ಬೆಳ್ಳಗಿದ್ದು, ದಿನಕಳೆದಂತೆ ಮೂತಿ ಮಸಿ ಬಳಿದಂತಾಗುತ್ತದೆ. ಈ ಗುಣವೂ ಬೀದಿಯ ಬೆಕ್ಕುಗಳಲ್ಲಿ ತಲೆಮಾರುಗಟ್ಟಲೆ ಅವಿತಿರಬಲ್ಲುದು. ಕಪ್ಪು, ಕೆಂಪು, ಬಿಳಿ ಮೂರೂ ಬೆರೆತ ಬೆಕ್ಕನ್ನು ಕಂಡರೆ ಅದು ಬಹುಮಟ್ಟಿಗೆ ಹೆಣ್ಣೆಂದು ಹೇಳಬಹುದು. ಕುಲವನ್ನು ಮಾತ್ರ ಹೇಳಲಾಗದು.

ನಾಯಿಯ ಮಾತು ಬೇರೆ. ಬೇಟೆಗೊಂದು, ಕುರಿ ಕಾಯಲೊಂದು ಎಂದು ಮನುಷ್ಯನು ಅದನ್ನು ಬಹುಕಾಲದಿಂದ ಆಯ್ದು ಬೆಳೆಸಿದನು. ಬೆಕ್ಕಿಗೆ ಇಲಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅದರ ವಿವಾಹವಿಚಾರದಲ್ಲಿ ಯಾರೂ ತಲೆಹಾಕಲಿಲ್ಲ. 1871ರಲ್ಲಿ ಹ್ಯಾರಿಸನ್ ವಿಯರ್ ಎಂಬಾತನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕುಗಳ ಪ್ರದರ್ಶನವನ್ನು ಏರ್ಪಡಿಸಿದನು. ಇಂದಿನ ತಳಿಗಳಲ್ಲಿ ಬಹುಪಾಲು ರೂಪುಗೊಂಡುದು ಅದರಿಂದೀಚೆಗೆ. ಪ್ರಪಂಚದ ಸಾಕುಬೆಕ್ಕುಗಳೆಲ್ಲವೂ ಪಶ್ಚಿಮ ಏಷ್ಯದ ಕಾಡುಬೆಕ್ಕಿನ ಸಂತತಿಯೆಂದು 2007ರ ಸಂಶೋಧನೆಯೊಂದು ತೋರಿಸಿತು. ಹೀಗಿರಲು ಬೀದಿಯ ಬೆಕ್ಕನ್ನು ನಾಲ್ಕು ತಳಿಗಳ ಬೆರಕೆಯೆನ್ನುವುದು ತಲೆಕೆಳಗಾದ ಮಾತು. ಬೀದಿಯದೇ ಬುಡ, ಪರ್ಷಿಯ, ಸಯಾಮುಗಳು ಅದರಿಂದ ಕತ್ತರಿಸಿ ಕುಂಡದಲ್ಲಿ ನೆಟ್ಟ ಕೊಂಬೆಗಳು. ಕೆನ್ನೆಯ ಒಳಗಿನ ದ್ರವವನ್ನು ತೆಗೆದು ಪರೀಕ್ಷಿಸುವ ಕ್ರಮವೀಗ ಉಂಟಾದರೂ, ಇಂತಹ ಬೆಕ್ಕಿನ ವಿಷಯದಲ್ಲಿ ಅದು ತಿಳಿಸುವುದು ಹೆಚ್ಚಾಗಿ ಹೋಲಿಕೆಯನ್ನು, ವಂಶಾವಳಿಯನ್ನಲ್ಲ.

ಉಪಾಧ್ಯಾಯರು ಇಷ್ಟನ್ನೂ ನೆರೆಯವರಿಗೆ ವಿವರಿಸಿದರೋ ಇಲ್ಲವೋ, ಒಂದು ನಿಬಂಧನೆಯನ್ನಂತೂ ಮಾಡಿದರು: ನೀಳಗೂದಲಿನದನ್ನು ಬಯಸುವವರು ಅದರ ಜೊತೆಗೆ ಇನ್ನೊಂದನ್ನೂ ಒಯ್ಯತಕ್ಕದ್ದು. ಇಬ್ಬರು ಹಿಂದಿರುಗಿದರು, ಮೂರನೆಯ ಮನೆಯ ಗೃಹಿಣಿ ಎರಡನ್ನೂ ಮಡಿಲಿಗೆ ಹಾಕಿಕೊಂಡು ಹೋದಳು. ಉಳಿದೆರಡು ಅಟ್ಟದಲ್ಲಿಯೇ ಇವೆ. ಅವುಗಳಲ್ಲೊಂದರ ಬಾಲದ ತುದಿ ಸೊಟ್ಟಗಿರುವುದನ್ನು ಕಂಡು, ಇದು ಸಯಾಮಿನದಿರಬಹುದೇ ಎಂದು ನೆರೆಮನೆಯವರು ಮೊನ್ನೆ ಮೆಲ್ಲನೆ ವಿಚಾರಿಸಿದರು.