ಹೊಳಪಿನ ಸಾಕ್ಷಿ

ಬೆಂಗಳೂರಿನ ಹೆದ್ದಾರಿಯಿಂದ ಮೈಸೂರಿನ ದಾರಿ ಕವಲೊಡೆಯುವ ಊರು ಮಾಣಿ. ಅಲ್ಲಿನ ನಿವೃತ್ತ ಮಾಷ್ಟರೊಬ್ಬರಿಗೆ ನಾಣ್ಯಗಳ ಹುಚ್ಚು. ಒಂದು ಸಂಜೆ ನೆರೆಮನೆಯ ವೃದ್ಧೆ ಸೆರಗಿನ ಗಂಟು ಬಿಚ್ಚಿ, 1969ರ ಗಾಂಧಿ ಶತಾಬ್ದಿಯ ಹತ್ತು ರೂಪಾಯಿಯ ಬೆಳ್ಳಿ ನಾಣ್ಯವನ್ನು ಅವರ ಮುಂದಿಟ್ಟರು.

"ಇದು ಪ್ರೂಫ್ ನಾಣ್ಯವಂತೆ ಮಾಷ್ಟ್ರೇ. ಒಳ್ಳೆಯ ಬೆಲೆ ಬಂದರೆ ಮೊಮ್ಮಗಳ ಕಾಲೇಜಿನ ಫೀಸಿಗಾಯಿತು."

ನಾಣ್ಯವೇನೋ ಫಳಫಳನೆ ಹೊಳೆಯುತ್ತಿತ್ತು. ಆದರೆ ಹೊಳಪೊಂದೇ ಸಾಕ್ಷಿಯಲ್ಲ. ಪ್ರೂಫ್ ನಾಣ್ಯ ಹುಟ್ಟುವುದು ಚಲಾವಣೆಗಾಗಿ ಅಲ್ಲ, ಸಂಗ್ರಾಹಕರಿಗಾಗಿ. ನುಣುಪುಗೊಳಿಸಿದ ಬಿಲ್ಲೆಯನ್ನು ಅಷ್ಟೇ ನುಣುಪಾದ ಅಚ್ಚುಗಳ ನಡುವೆ ಇಟ್ಟು ಒಂದಕ್ಕಿಂತ ಹೆಚ್ಚು ಬಾರಿ ಒತ್ತುತ್ತಾರೆ. ಬಯಲು ಕನ್ನಡಿಯಂತಾಗುತ್ತದೆ, ಅಂಚು, ಅಕ್ಷರಗಳು ಚೂಪಾಗಿ ನಿಲ್ಲುತ್ತವೆ. ಶತಾಬ್ದಿಯ ಪ್ರೂಫ್ ನಾಣ್ಯಕ್ಕೆ ಮುಂಬಯಿ ಟಂಕಸಾಲೆಯವರು 'ಬಿ' ಅಕ್ಷರದ ಗುರುತು ಹಾಕಿದ್ದರು. ಅಲ್ಲಿನ ಸಾಮಾನ್ಯ ನಾಣ್ಯಕ್ಕೆ ವಜ್ರಾಕೃತಿ.

ಭೂತಗನ್ನಡಿಯಲ್ಲಿ ಕಂಡುದು ವಜ್ರಾಕೃತಿ. ಮೈತುಂಬ ಸಣ್ಣ ಗೀರುಗಳು. ಗಾಂಧೀಜಿಯ ಕಿವಿಯ ಗೆರೆ ಸವೆದಿತ್ತು.

"ಇದನ್ನು ಉಜ್ಜುತ್ತಿದ್ದಿರಾ ಅಮ್ಮ?"

"ಅವರಿದ್ದಾಗ ಪ್ರತಿ ದೀಪಾವಳಿಗೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಪೂಜೆಗಿಡುತ್ತಿದ್ದರು."

ಮಾಷ್ಟರು ನಿಜವನ್ನೇ ಹೇಳಿದರು. ಇದು ಪ್ರೂಫ್ ಅಲ್ಲ. ಮೇಲಾಗಿ ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ. 15 ಗ್ರಾಂ ತೂಕದಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಆ ಬೆಳ್ಳಿಯ ಬೆಲೆಗೆ ಮಾತ್ರ ಮೋಸವಿಲ್ಲ.

ವೃದ್ಧೆ ಕೆಲಹೊತ್ತು ಮೌನವಾಗಿದ್ದು, ನಾಣ್ಯವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು.

"ಬರೀ ಬೆಳ್ಳಿಯ ಬೆಲೆಗೆ ಕೊಡಲಾರೆ ಮಾಷ್ಟ್ರೇ. ಅವರ ಕೈ ತಿಕ್ಕಿದ ಗುರುತು ಇದೆಯಲ್ಲ! ಫೀಸಿಗೆ ಬೇರೆ ದಾರಿ ನೋಡುವ."