ಕಾಫಿ ಬೀಜದ ಬೆಲೆ

ಕಳೆದ ಯುಗಾದಿಗೆ, ಹೆಬ್ಬಾಳದಲ್ಲಿ ವಾಸವಾಗಿರುವ ನನ್ನ ಮಗಳೂ ಅಳಿಯಂದಿರೂ ಯಲಹಂಕದ ನಮ್ಮ ಮನೆಗೆ ಬಂದಿದ್ದರು. ಬರುವಾಗ ಹಣ್ಣುಹಂಪಲಿನೊಡನೆ ಕಾಲು ಕಿಲೋ ತೂಕದ ಕಾಫಿ ಬೀಜದ ಪೊಟ್ಟಣವೊಂದನ್ನೂ ತಂದರು. “ಮಾವ, ಇದನ್ನೊಮ್ಮೆ ರುಚಿ ನೋಡಿ” ಎಂದು ಅಳಿಯಂದಿರು ವಿನಯದಿಂದಲೇ ಕೊಟ್ಟರು. ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಬೆಲೆಯನ್ನು ಕಂಡು ನನಗೆ ದಿಗ್ಭ್ರಮೆಯಾಯಿತು. ೬೪೦ ರೂಪಾಯಿ! ನಾನು ಪೇಟೆಯಿಂದ ತರುವ, ನೂರಕ್ಕೆ ಇಪ್ಪತ್ತರಷ್ಟು ಚಿಕೋರಿ ಬೆರೆಸಿದ ಪುಡಿಗೆ ಅಷ್ಟೇ ತೂಕಕ್ಕೆ ೧೮೦ ರೂಪಾಯಿ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರನ್ನು ಗದರಿಸಿ ಅಭ್ಯಾಸವಾದ ನಾಲಗೆ ಸುಮ್ಮನಿರಲಿಲ್ಲ. “ಹಣ ಹೆಚ್ಚಾದರೆ ಬ್ಯಾಂಕಿನಲ್ಲಿಡಬೇಕು, ನೀರಿನಲ್ಲಿ ಕುದಿಸಬಾರದು” ಎಂದುಬಿಟ್ಟೆ. ಅಳಿಯಂದಿರು ನಕ್ಕರು, ಮಗಳ ಮುಖ ಬಾಡಿತು.

ಅವರು ಹೊರಟುಹೋದ ಮೇಲೆ ನನ್ನ ಮಾತು ನನ್ನನ್ನೇ ಕಾಡತೊಡಗಿತು. ಉತ್ತರಪತ್ರಿಕೆಯನ್ನು ಓದದೆಯೇ ಅಂಕ ಹಾಕುವುದು ಉಪಾಧ್ಯಾಯನಾದವನಿಗೆ ಸಲ್ಲತಕ್ಕದ್ದಲ್ಲ. ಆದಕಾರಣ ಪೊಟ್ಟಣವನ್ನು ಮುಂದಿಟ್ಟುಕೊಂಡು ಕುಳಿತೆ. ಅದರ ಮೇಲೆ ಬೀಜದ ಜಾತಕವೇ ಬರೆದಿತ್ತು: ಚಿಕ್ಕಮಗಳೂರಿನ ಗಿರಿಪ್ರದೇಶದ ತೋಟ, ಅರೇಬಿಕಾ ಜಾತಿ, ಎಸ್. ೭೯೫ ಎಂಬ ತಳಿ, ನೀರಿನಲ್ಲಿ ತೊಳೆದು ಸಂಸ್ಕರಿಸಿದ ಕ್ರಮ, ಹುರಿದ ದಿನಾಂಕ.

ಅಮರಕೋಶದಲ್ಲಿ ಕಾಫಿಗೆ ಹೆಸರಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬರ ನಾಡಿನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಭಾರತದ ಕಾಫಿ ಫಸಲಿನ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಈಗ ಕರ್ಣಾಟಕದ್ದು. ೨೦೧೯ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಕೊಡಗಿನ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಎಸ್. ೭೯೫ ಎಂಬುದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ೧೯೪೦ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟ ತಳಿ.

ತೋಟದ ಹೆಸರನ್ನು ಪೊಟ್ಟಣದ ಮೇಲೆ ಹಾಕುವ ಪದ್ಧತಿ ನನ್ನ ಬಾಲ್ಯದಲ್ಲಿ ಏಕಿರಲಿಲ್ಲವೆಂದು ಯೋಚಿಸಿದೆ. ಕಾರಣ ಸ್ಪಷ್ಟವಾಗಿದೆ. ೧೯೪೨ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಸಮಷ್ಟಿ ನಿಧಿಗೆ ಒಪ್ಪಿಸಬೇಕಾಗಿತ್ತು. ಅಲ್ಲಿ ದರ್ಜೆಯ ಮೇಲೆ ವಿಂಗಡಣೆಯಾಗಿ ಮಾರಾಟವಾಗುತ್ತಿತ್ತು; ಇಂತಹವರ ತೋಟದ್ದೆಂಬ ಗುರುತು ಕೊಳ್ಳುವವನವರೆಗೆ ಬರುತ್ತಿರಲಿಲ್ಲ. ೧೯೯೬ರ ವೇಳೆಗೆ ಆ ನಿರ್ಬಂಧ ಪೂರ್ತಿಯಾಗಿ ತೊಲಗಿದ ಮೇಲೆ, ಬೆಳೆಗಾರನು ತನ್ನ ಹೆಸರಿನಲ್ಲಿಯೇ ಬೀಜವನ್ನು ಮಾರುವುದು ಸಾಧ್ಯವಾಯಿತು.

ಬೆಲೆಗೂ ಕಾರಣಗಳಿವೆ. ಉತ್ತಮ ಬೀಜಕ್ಕೆ ಗಿಡದ ಹಣ್ಣನ್ನೆಲ್ಲ ಒಮ್ಮೆಗೇ ಸೆಳೆಯಲಾಗದು. ಕೆಂಪಗೆ ಮಾಗಿದವನ್ನಷ್ಟೇ ನಾಲ್ಕಾರು ಸುತ್ತುಗಳಲ್ಲಿ ಕೈಯಿಂದ ಬಿಡಿಸಬೇಕು. ಸಿಪ್ಪೆ ತೆಗೆದು, ಲೋಳೆ ಕಳೆಯುವಂತೆ ಹುಳಿಯಿಟ್ಟು, ತೊಳೆದು, ಹದವಾಗಿ ಒಣಗಿಸಿ, ಒಡಕುಮುರುಕನ್ನು ಆರಿಸಿ ತೆಗೆಯಬೇಕು. ಹುರಿಯುವಾಗ ತೂಕದಲ್ಲಿ ಆರನೆಯ ಒಂದು ಪಾಲಿನಷ್ಟು ಹೋಗುತ್ತದೆ. ಅರೇಬಿಕಾ ಗಿಡಕ್ಕೆ ಕಾಂಡಕೊರಕದ ಬಾಧೆ ಬೇರೆ. ಇವೆಲ್ಲವೂ ನ್ಯಾಯವಾದ ಖರ್ಚೇ ಸರಿ. ಆದರೆ ಥಳುಕಿನ ಪೊಟ್ಟಣಕ್ಕೂ ಅಂಗಡಿಯ ಬಾಡಿಗೆಗೂ ನಾವು ತೆರುವ ಪಾಲೆಷ್ಟು, ಹಣ್ಣು ಬಿಡಿಸಿದ ಹೆಂಗಸಿನ ಕೈಗೆ ಸೇರುವುದೆಷ್ಟು ಎಂಬ ಲೆಕ್ಕ ಮಾತ್ರ ಆ ಜಾತಕದಲ್ಲಿ ಇರಲಿಲ್ಲ.

ಪೊಟ್ಟಣದ ಬರಹ ಶಬ್ದಪ್ರಮಾಣ, ನಾಲಗೆಯದು ಪ್ರತ್ಯಕ್ಷ. ಅಟ್ಟದಲ್ಲಿದ್ದ ನನ್ನ ತಾಯಿಯವರ ಕಾಲದ ಬೀಸುವ ಯಂತ್ರವನ್ನು ಇಳಿಸಿ, ಒರೆಸಿ, ಬೀಜವನ್ನು ಪುಡಿಮಾಡಿದೆ. ನನ್ನ ಕಣ್ಣಿಗೆ ವಸ್ತ್ರ ಕಟ್ಟಿಸಿಕೊಂಡು ಕುಳಿತೆ. ಮನೆಯಾಕೆ ಎರಡು ಫಿಲ್ಟರುಗಳಲ್ಲಿ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆ ಬೆರೆಸಿ, ಎರಡು ಲೋಟಗಳನ್ನು ಕೊಟ್ಟಳು. ನಾನು ಎರಡನ್ನೂ ಗಂಭೀರವಾಗಿ ಹೀರಿ, ಇದೇ ಬೆಲೆಯುಳ್ಳದ್ದೆಂದು ತೀರ್ಪಿತ್ತೆ. ಅದು ನಮ್ಮ ೧೮೦ ರೂಪಾಯಿಯ ಪುಡಿಯಾಗಿತ್ತು! ಬಳಿಕ ಹಾಲು ಸಕ್ಕರೆಗಳಿಲ್ಲದೆ ಪರೀಕ್ಷೆ ನಡೆಯಿತು. ಈ ಸಲ ತಪ್ಪಲಿಲ್ಲ. ನಮ್ಮ ಪುಡಿಯಲ್ಲಿ ತಿಕ್ತವೊಂದೇ ಮುಂದೆ ನಿಂತಿತು. ಬೆಲೆಯುಳ್ಳದ್ದರಲ್ಲಿ ಮೊದಲು ಕಷಾಯ, ನಡುವೆ ಕಿತ್ತಳೆಯನ್ನು ನೆನಪಿಸುವ ತುಸು ಆಮ್ಲ, ನುಂಗಿದ ಮೇಲೆ ಒಂದೆಳೆ ಮಧುರ. ರಸಭೇದ ನಿಜವಾಗಿಯೂ ಇತ್ತು. ಹಾಲಿನಲ್ಲಿ ಅದು ಮುಳುಗಿತ್ತು, ಅಷ್ಟೆ.

“ನೀನೂ ನೋಡು” ಎಂದು ಲೋಟವನ್ನು ಅವಳತ್ತ ಸರಿಸಿದೆ. ಒಂದು ಗುಟುಕು ಕುಡಿದು, “ಇಷ್ಟು ಗಟ್ಟಿಯಾಗಿದೆಯಲ್ಲ, ಇದು ಮೊದಲನೇ ಡಿಕಾಕ್ಷನ್ ಅಲ್ವೆ?” ಎಂದಳು.

“ದಿನವೂ ಕುಡಿಯುವುದೂ ಅದೇ ಅಲ್ಲವೆ?”

“ನಿಮಗೆ ಅದೇ. ಅದೇ ಪುಡಿಯ ಮೇಲೆ ಇನ್ನೊಂದು ಸಲ ಬಿಸಿನೀರು ಹಾಕಿದರೆ ಇಳಿಯುತ್ತಲ್ಲ, ಅದು ನನಗೆ. ಆಗ ನಿಮ್ಮ ಸಂಬಳದಲ್ಲಿ ತಿಂಗಳ ಕೊನೆಯವರೆಗೆ ಪುಡಿ ಸಾಲುತ್ತಿರಲಿಲ್ಲ. ಆಮೇಲೆ ಹಾಗೇ ಅಭ್ಯಾಸವಾಗಿಹೋಯಿತು.”

ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ. ಉಪ್ಪಿನಕಾಯಿಯ ಜಾಡಿ ಎಲ್ಲಿದೆಯೆಂದು ಹೇಳುವಂತೆ ಹೇಳಿದಳು. ನನಗೆ ಮಾತ್ರ ಲೋಟ ಕೈಯಲ್ಲಿ ಭಾರವಾಯಿತು. ನಮ್ಮ ಮದುವೆಯಾದಂದಿನಿಂದ ಮನೆಯ ಖರ್ಚನ್ನು ಪೈಸೆ ಬಿಡದೆ ಪುಸ್ತಕದಲ್ಲಿ ಬರೆದಿಟ್ಟವನು ನಾನು. ಕಾಫಿ ಪುಡಿಗೆ ಖರ್ಚು ಕಡಮೆಯೆಂದು ಹೆಮ್ಮೆಪಟ್ಟಿದ್ದೆ. ಆ ಉಳಿತಾಯ ಯಾರ ಲೋಟದಿಂದ ಬಂದದ್ದೆಂಬುದನ್ನು ಬರೆಯುವ ಅಂಕಣ ಆ ಪುಸ್ತಕದಲ್ಲಿರಲಿಲ್ಲ.

ಆ ಸಂಜೆಯೇ ಲೆಕ್ಕವನ್ನು ಹೊಸದಾಗಿ ಹಾಕಿದೆ. ಲೋಟಕ್ಕೆ ಹತ್ತು ಗ್ರಾಂ ಪುಡಿಯಂತೆ, ಇಬ್ಬರೂ ದಿನಕ್ಕೆರಡು ಸಲ ಮೊದಲನೆಯ ಡಿಕಾಕ್ಷನ್ನನ್ನೇ ಕುಡಿದರೆ ತಿಂಗಳಿಗೆ ೧,೨೦೦ ಗ್ರಾಂ ಬೇಕು. ಬೆಲೆಯುಳ್ಳ ಬೀಜವಾದರೆ ೩,೦೭೨ ರೂಪಾಯಿ. ನಮ್ಮ ಪುಡಿಯಾದರೆ ೮೬೪. ಒಬ್ಬರ ಪುಡಿಯಲ್ಲಿ ಇಬ್ಬರು ಕುಡಿಯುತ್ತಿದ್ದಾಗ ಆಗುತ್ತಿದ್ದುದು ೪೩೨. ಹಾಲು ಬೆರೆಸಿ ಕುಡಿಯುವ ನಮ್ಮಂತಹವರಿಗೆ ಲೋಟವೊಂದಕ್ಕೆ ಸುಮಾರು ಇಪ್ಪತ್ತೈದೂವರೆ ರೂಪಾಯಿಯ ಬೀಜ ವ್ಯರ್ಥವೆಂದೇ ನನ್ನ ನಿರ್ಣಯ. ಹೊಸದಾಗಿ ಹುರಿದ ಸಾಧಾರಣ ಬೀಜವನ್ನು, ಚಿಕೋರಿ ಕಡಮೆಮಾಡಿಸಿ, ಸ್ವಲ್ಪಸ್ವಲ್ಪವಾಗಿ ತಂದರೆ ಸಾಕು. ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರತಕ್ಕದ್ದೆಂಬ ನಿಯಮವಿದೆ, ಓದಿ ಕೊಳ್ಳಬೇಕು. ಹಾಲಿಲ್ಲದೆ ಕುಡಿದು ರಸವನ್ನರಿಯಬಲ್ಲವರಿಗೆ ಬೆಲೆಯುಳ್ಳ ಬೀಜ ಆ ಬೆಲೆಗೆ ತಕ್ಕದ್ದೇ. ಅವರನ್ನು ಹಳಿಯುವ ಅಧಿಕಾರ ನನಗಿಲ್ಲ.

ಮಗಳಿಗೆ ಫೋನು ಮಾಡಿ, ಪರೀಕ್ಷೆಯ ಎರಡು ಭಾಗಗಳನ್ನೂ ಒಪ್ಪಿಕೊಂಡು, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನು ತಂದದ್ದು ಅಮ್ಮನಿಗೋಸ್ಕರ, ಅಣ್ಣ” ಎಂದಳು. ಚಿಕ್ಕಂದಿನಿಂದಲೂ ತಾಯಿಯ ಲೋಟದ ಬಣ್ಣವನ್ನು ಅವಳು ಕಂಡಿದ್ದಳು. ಎದುರಿಗೇ ಕುಳಿತು ಕುಡಿಯುತ್ತಿದ್ದ ನಾನು ಕಾಣಲಿಲ್ಲ.

ಈಗ ನಮ್ಮ ಮನೆಯಲ್ಲಿ ಫಿಲ್ಟರಿಗೆ ಇಬ್ಬರ ಪುಡಿ ಬೀಳುತ್ತದೆ. ಒಮ್ಮೆ ಇಳಿಸಿದ ಚರಟ ಮಲ್ಲಿಗೆ ಗಿಡದ ಬುಡಕ್ಕೆ ಹೋಗುತ್ತದೆ. ವಾಚಕ ಮಹಾಶಯರು ಬೀಜದ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ತಮ್ಮ ಮನೆಯಲ್ಲಿ ಎರಡನೆಯ ಡಿಕಾಕ್ಷನ್ ಯಾರ ಪಾಲಿಗೆ ಬರುತ್ತಿದೆಯೆಂಬುದನ್ನು ವಿಚಾರಿಸುವುದು ಒಳ್ಳೆಯದು.