ಜಾಲರಿ ಡಿಶ್ಶಿನ ಕಾಲದ ಕೊಲೆಗಳು

ಹುಂಚದ ನಮ್ಮನೆ ಅಂಗಳಕ್ಕೆ ಜಾಲರಿ ಡಿಶ್ ಬಂದದ್ದು 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ. ಅಲ್ಲಿಯವರೆಗೆ ಅಡಿಕೆ ಮರಕ್ಕೆ ಕಟ್ಟಿದ ಆಂಟೆನಾ ತಿರುಗಿಸಿ ದೂರದರ್ಶನದ ಚುಕ್ಕಿಗಳನ್ನೇ ನೋಡುತ್ತಿದ್ದೆವು. ಮಳೆಗಾಲದಲ್ಲಿ ಡಿಶ್ ತುಂಬ ಹಲಸಿನ ಎಲೆ. ಕೊಲೆಗಾರ ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಸಿಗ್ನಲ್ ಹೋಗುತ್ತಿತ್ತು.

ಕೊಲೆ ಅಂದರೆ ಈಟಿವಿಯಲ್ಲಿ ಬರುತ್ತಿದ್ದ ರವಿ ಬೆಳಗೆರೆಯ ‘ಕ್ರೈಂ ಡೈರಿ’. ನಿಜವಾಗಿ ನಡೆದ ಕೇಸು, ನಟರಿಂದ ಮಾಡಿಸಿದ ದೃಶ್ಯ, ನಡುನಡುವೆ ಬೆಳಗೆರೆಯ ದನಿ. ಅಜ್ಜಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಬದಿಗಿಟ್ಟು ಬಂದು ಕೂರುತ್ತಿದ್ದಳು. ನಟರ ಅಳು ಸುಳ್ಳೆಂದು ಅವಳಿಗೆ ಗೊತ್ತಿತ್ತು. ದನಿಯನ್ನು ಮಾತ್ರ ಪೂರಾ ನಂಬಿದ್ದಳು. ನಾನೂ ನಂಬಿದ್ದೆ. ಹೇಳುವ ಗತ್ತನ್ನೇ ಪುರಾವೆ ಅಂದುಕೊಳ್ಳುವ ಚಟ ನನಗೆ ಅಂಟಿದ್ದು ಅಲ್ಲೇ ಇರಬೇಕು.

ಆ ವರ್ಷಗಳಲ್ಲೇ ಅಪ್ಪನಿಗೆ ಶಿವಮೊಗ್ಗದ ಸೆಷನ್ಸ್ ಕೋರ್ಟಿನಿಂದ ಸಮನ್ಸ್ ಬಂತು. ಪಕ್ಕದೂರಿನ ಒಂದು ಕೊಲೆಯಲ್ಲಿ ಅವನು ಮಹಜರಿಗೆ ಪಂಚ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗು ಕರಗಿಸಿ ಮೊಹರು ಒತ್ತಿದ್ದನ್ನು ನೋಡಿ ಸಹಿ ಹಾಕಿದ್ದ, ಅಷ್ಟೇ. ರಿಪ್ಪನ್‌ಪೇಟೆ ಮೇಲೆ ಬಸ್ಸು. ಎರಡು ಸಲ ವಾಯಿದೆ ಬಿತ್ತು. ಮೂರನೇ ಸಲ ನಾನೂ ಹೋದೆ, ಸೀರಿಯಲ್ಲಿನ ಕೋರ್ಟು ನೋಡುವ ಆಸೆಗೆ. ಸುತ್ತಿಗೆ ಇರಲಿಲ್ಲ, ಭಗವದ್ಗೀತೆ ಇರಲಿಲ್ಲ. ಗೀತೆ ಮುಟ್ಟಿಸುವುದು ಸಿನಿಮಾದವರ ಕಾನೂನು. 1969ರ ಪ್ರಮಾಣ ವಚನ ಕಾಯ್ದೆಗೆ ದೇವರ ಹೆಸರು ಅಥವಾ ಬರೀ ದೃಢೀಕರಣ ಸಾಕು. ಅಪ್ಪ ಹೇಳಿದ್ದನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಬರೆಸುತ್ತಿದ್ದರು, ಪಕ್ಕದಲ್ಲಿ ಟೈಪ್‌ರೈಟರ್ ಟಕಟಕ.

“ಇದು ನಿಮ್ಮ ಸಹಿಯಾ?”

“ಹೌದು.”

ಪಾಟೀಸವಾಲಿನಲ್ಲಿ ವಕೀಲರು ಕೇಳಿದ್ದು ಒಂದೇ: ಅರಗಿನ ಬಣ್ಣ ಯಾವುದು? ಅಪ್ಪ ಕೆಂಪು ಅಂದ. ಆರೋಪಿ ಅವನತ್ತ ನೋಡಲೂ ಇಲ್ಲ, ಗೋಡೆಗೊರಗಿ ಆಕಳಿಸುತ್ತ ನಿಂತಿದ್ದ. ಹತ್ತು ನಿಮಿಷದಲ್ಲಿ ಮುಗಿಯಿತು. ಆ ಕೇಸಿನ ತೀರ್ಪು ಏನಾಯಿತೆಂದು ಯಾರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

2023ರಲ್ಲಿ ನಮ್ಮನೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ‘ಡ್ಯಾನ್ಸಿಂಗ್ ಆನ್ ದಿ ಗ್ರೇವ್’ ಸಾಕ್ಷ್ಯಚಿತ್ರ ಸರಣಿ ನೋಡಿದೆ. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಕೀರಾ ಅವರ ಕೊಲೆಯ ಕತೆ. 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದವರು. 1994ರಲ್ಲಿ ರಿಚ್ಮಂಡ್ ರಸ್ತೆಯ ಅವರದೇ ಮನೆಯಂಗಳ ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಗಂಡ ಶ್ರದ್ಧಾನಂದನಿಗೆ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದ್ದು 2005ರಲ್ಲಿ. ಸುಪ್ರೀಂ ಕೋರ್ಟು 2008ರಲ್ಲಿ ಗಲ್ಲು ತಪ್ಪಿಸಿ, ಸಾಯುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಎಂದಿತು. ಅಂಗಳ ಅಗೆದದ್ದನ್ನು ಪೊಲೀಸರು ವಿಡಿಯೋ ಮಾಡಿಸಿದ್ದರು. ನಟರು ಮಾಡುವ ಕೊಲೆಗಿಂತ ಅಂಥ ಚಿತ್ರವೇ ಹೆಚ್ಚು ಭಯ ಹುಟ್ಟಿಸುತ್ತದೆ. ಅಲ್ಲಿ ಯಾರೂ ಕ್ಯಾಮೆರಾಗಾಗಿ ಅಳುವುದಿಲ್ಲ. ನನಗೆ ಕುತೂಹಲ ಮಾತ್ರ ಬೇರೆ ಕಡೆ ಹೋಯಿತು: ಆ ಅಗೆತಕ್ಕೆ ಪಂಚರಾಗಿ ನಿಂತವರು ಎಷ್ಟು ವಾಯಿದೆ ತಿರುಗಿದರೋ?

ಬೆಳಗೆರೆ 2020ರ ನವೆಂಬರಿನಲ್ಲಿ ಹೋದರು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದಳು. ಡಿಶ್ ಈಗ ಕೊಟ್ಟಿಗೆಯ ಹಿಂದೆ ಬೋರಲಾಗಿ ಬಿದ್ದಿದೆ, ಅಡಿಯಲ್ಲಿ ಕೋಳಿ ಕಾವು ಕೂರುತ್ತದೆ.